ಆರನೇ ಖೋಲಿಯ ಹೆಣ್ಣುಮಕ್ಕಳು

೮ ಫೆಬ್ರುವರಿ ೧೯೮೧, ರವಿವಾರ. ಹುನಗುಂದ

ಇಬ್ರಾಹಿಂಸಾಬರ ಹತ್ತಿ ಗೋದಾಮಿನ ಹಿಂಗೋಡೆ ಮಳೆಗಾಲದಲ್ಲೇ ಬಿದ್ದಿತ್ತಂತೆ. ಅದನ್ನು ನನಗೆ ಹೇಳಲು ಅವರಿಗೆ ಫೆಬ್ರುವರಿ ಬೇಕಾಯಿತು. "ತಪ್ಪ ತಿಳಕೋಬ್ಯಾಡ್ರಿ ಅಕ್ಕೋರ, ಆ ಗ್ವಾಡಿ ಕೆಳಗ ಹೆಣ್ಮಕ್ಕಳನ್ನ ಇಳಿಸಿದ್ರ ನನಗ ನಿದ್ದಿ ಹತ್ತಂಗಿಲ್ಲ," ಎಂದರು. ಅವರ ತಪ್ಪೇನೂ ಇಲ್ಲ. ಇಷ್ಟು ವರ್ಷ ಪರೀಕ್ಷೆಗೆ ಬರುವ ಹುಡುಗಿಯರಿಗೆ ಪುಕ್ಕಟೆ ಜಾಗ ಕೊಟ್ಟವರು. ಆದರೂ ಮನೆ ಮುಟ್ಟುವವರೆಗೆ ಅವರ ಮೇಲೆಯೇ ಸಿಟ್ಟಾಗಿದ್ದೆ. ಯಾರ ಮೇಲಾದರೂ ಆಗಬೇಕಲ್ಲ.

ಬಾದಾಮಿಯಲ್ಲಿ ನರ್ಸ್ ಆಗಿರುವ ರತ್ನಾಬಾಯಿ ಹೋದ ಸಲ ಬಂದಾಗ ಬೈದು ಹೋಗಿದ್ದಳು: "ಎಲ್ಲಾ ಹೊಟ್ಯಾಗ ಇಟ್ಕೊಂಡು ಹುಣ್ಣ ಮಾಡ್ಕೋತಿ ನೀ. ಬರದ ಹಾಕು, ಹಗರ ಆಗ್ತೈತಿ." ಸರಿ, ಬರೆಯುತ್ತೇನೆ. ಬರೆಯುವುದಾದರೆ ಬುಡದಿಂದಲೇ ಬರೆಯುತ್ತೇನೆ, ಶಾಲೆಯಲ್ಲಿ ಹಾಗೇ ಕಲಿಸುತ್ತೇನೆ.

ಬಾಗಲಕೋಟೆಯ ಹಾಸ್ಟೆಲಿನಲ್ಲಿ ನಾನೂ ರತ್ನಾಳೂ ಇನ್ನು ನಾಲ್ಕು ಹುಡುಗಿಯರೂ ಆರನೇ ಖೋಲಿಯಲ್ಲಿದ್ದೆವು. ಆರೂ ಜನ ಕೇರಿಯವರು. ಊರಿನ ಬಾವಿಗೆ ನಮ್ಮನ್ನು ಬಿಡುತ್ತಿರಲಿಲ್ಲ, ಹಾಸ್ಟೆಲಿನಲ್ಲಿ ಉಳಿದ ಖೋಲಿಯವರು ಊಟದ ಪಂಕ್ತಿಗೆ ಬಿಡುತ್ತಿರಲಿಲ್ಲ. ನಮ್ಮನ್ನು ಒಂದೇ ಖೋಲಿಗೆ ತುಂಬಿದ್ದು ಪ್ರೀತಿಯಿಂದಲ್ಲ. ಆದರೆ ತುಂಬಿದ ಮೇಲೆ ನಾವು ಸುಮ್ಮನಿರಲಿಲ್ಲ. ಓದಿ, ಒಬ್ಬರಿಗೊಬ್ಬರು ಓದಿಸಿ, ಆರೂ ಜನ ಪಾಸಾಗಿ ಹೊರಬಿದ್ದೆವು. ಅವತ್ತೇ ಆ ಖೋಲಿಯ ನಂಬರನ್ನೇ ನಮ್ಮ ಬಳಗದ ಹೆಸರು ಮಾಡಿಕೊಂಡೆವು. ನಮ್ಮ ಹಿಂದೆ ಓದಿದ ಕೇರಿಯ ಹುಡುಗಿಯರೆಲ್ಲ ಒಬ್ಬೊಬ್ಬರಾಗಿ ಸೇರಿದರು. ಈಗ ಬಳಗದಲ್ಲಿ ಶಾಲೆಯ ಅಕ್ಕೋರುಗಳಿದ್ದೇವೆ, ನರ್ಸುಗಳಿದ್ದಾರೆ, ಬಾಗಲಕೋಟೆಯಲ್ಲಿ ಒಬ್ಬಳು ಟೆಲಿಫೋನ್ ಆಪರೇಟರ್. ವರ್ಷಕ್ಕೊಮ್ಮೆ ಎಲ್ಲರೂ ಇಳಕಲ್ಲಿನ ಕಪ್ಪು ಸೀರೆ, ಗುಳೇದಗುಡ್ಡದ ಹಸಿರು ಖಣದ ಕುಪ್ಪಸ ತೊಟ್ಟು ಬಾಗಲಕೋಟೆಯಲ್ಲಿ ಕೂಡುತ್ತೇವೆ. ಉಳಿದ ದಿನ ಅವರವರ ಊರಲ್ಲಿ ಅವರವರಿಗೆ ವಹಿಸಿದ ಕೆಲಸ. ಗುಳೇದಗುಡ್ಡದವಳು ಹೊಲಿಗೆ ಕಲಿಸುತ್ತಾಳೆ. ರತ್ನಾ ಕೇರಿ ಕೇರಿ ತಿರುಗಿ ಮಕ್ಕಳಿಗೆ ಸೂಜಿ ಚುಚ್ಚುತ್ತಾಳೆ.

ನನ್ನದು ಪರೀಕ್ಷೆ. ಮ್ಯಾಟ್ರಿಕ್ ಪರೀಕ್ಷೆಗೆ ಹಳ್ಳಿಯವರೆಲ್ಲ ಹುನಗುಂದಕ್ಕೇ ಬರಬೇಕು. ಗಂಡುಹುಡುಗರು ಮಠದಲ್ಲೋ ನಂಟರ ಮನೆಯಲ್ಲೋ ಎರಡು ವಾರ ಬಿದ್ದಿರುತ್ತಾರೆ. ಕೇರಿಯ ಹುಡುಗಿಯರನ್ನು ಯಾರು ಇಳಿಸಿಕೊಳ್ಳುತ್ತಾರೆ? ಬೆಳಗಿನ ಬಸ್ಸು ಬರುವ ಹೊತ್ತಿಗೆ ಪರೀಕ್ಷೆಯ ಗಂಟೆ ಹೊಡೆದಿರುತ್ತದೆ. ಓದಿಯೂ ಬರೆಯಲಾಗದೆ ಮನೆಯಲ್ಲಿ ಕೂತವರು ಎಷ್ಟೋ ಮಂದಿ. ಅವರನ್ನು ಇಲ್ಲಿ ಇಳಿಸಿ, ಅನ್ನ ಹಾಕಿ, ಪರೀಕ್ಷೆಯ ಕೋಣೆಯವರೆಗೆ ಮುಟ್ಟಿಸುವುದು ನನ್ನ ಕೆಲಸ. ಈ ಸಲ ಏಳು ಹುಡುಗಿಯರು. ಜಾಗ ಇಲ್ಲ.

ಜಾಗ ಹುಡುಕುತ್ತೇನೆ. ಒಬ್ಬಳನ್ನೂ ವಾಪಸು ಕಳಿಸುವುದಿಲ್ಲ.

೨೨ ಫೆಬ್ರುವರಿ, ರವಿವಾರ

ಪೇಟೆಯಲ್ಲಿ ಯಾರೂ ಜಾತಿ ಕೇಳುವುದಿಲ್ಲ, ಅಷ್ಟು ಸುಧಾರಿಸಿದ್ದಾರೆ. "ಯಾವ ಪೈಕಿ ಹುಡುಗ್ಯಾರ್ರಿ?" ಎಂದು ಕೇಳುತ್ತಾರೆ. ನಾನು "ಓದೋ ಪೈಕಿ" ಎನ್ನುತ್ತೇನೆ. ಆಮೇಲೆ ಅವರಿಗೆ ಖೋಲಿ ಖಾಲಿ ಇಲ್ಲವೆಂದು ನೆನಪಾಗುತ್ತದೆ.

ಇವತ್ತು ರತ್ನಾ ಬಂದಿದ್ದಳು. ನನ್ನ ತಾಪತ್ರಯವನ್ನೆಲ್ಲ ಕೇಳಿ, ಜೋಳದ ಭಕ್ರಿ ಮುರಿಯುತ್ತ, "ಇಲ್ಲೇ ಹುನಗುಂದದ ಕೇರ್ಯಾಗ ಇಳಿಸು, ಮುಗೀತು," ಎಂದಳು.

"ಕೇರಿಯಿಂದ ಹೊರಗ ತರಾಕ ಇಷ್ಟ ವರ್ಷ ಗುದ್ದಾಡೇವಿ. ಮತ್ತ ಕೇರಿಗೇ ಒಯ್ಯಬೇಕೇನು?"

"ಕೇರಿ ಅಂದ್ರ ಯಾಕ ಹಂಗ ಮುಖ ಮಾಡ್ತಿ? ನೀ ಎಲ್ಲಿ ಹುಟ್ಟೀದಿ, ಅರಮನ್ಯಾಗೇನು?"

ನಾನು ಮುಖ ಮಾಡಲಿಲ್ಲ. ಅಲ್ಲಿ ದೀಪವಿಲ್ಲ, ಗದ್ದಲ, ಒಂದೊಂದು ಮನೆಯಲ್ಲಿ ಎಂಟೆಂಟು ಜನ. ಪೇಟೆಯ ಒಳ್ಳೆಯ ಮನೆಯಿಂದ ಹುಡುಗಿಯರು ಶಿಸ್ತಾಗಿ ಪರೀಕ್ಷೆಗೆ ಹೋಗಬೇಕು, ಯಾರೂ ಬೆರಳು ತೋರಿಸಬಾರದು. ಇದು ನನ್ನ ಮಾತು. ನಾನಿರುವ ಬಾಡಿಗೆ ಖೋಲಿಯ ಆಸುಪಾಸಿನಲ್ಲಿ ನಾನು ಯಾರೆಂದು ಯಾರಿಗೂ ಗೊತ್ತಿಲ್ಲ ಎಂದು ರತ್ನಾ ಕುಟುಕಿದಳು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಜನಗಣತಿಗೆ ಈ ತಿಂಗಳು ನನಗೆ ಹಾಕಿದ್ದು ಅದೇ ಕೇರಿ. ಮೊದಲ ಮನೆಯಲ್ಲಿ ಸಂಗವ್ವ ಎಂಬ ಮುದುಕಿ. ಗಂಡ ಸತ್ತು ಎಷ್ಟೋ ವರ್ಷವಾಗಿದೆ, ಇಡೀ ಕೇರಿ ಅವಳ ಮಾತು ಕೇಳುತ್ತದೆ. ನಾನು ಅವಳ ಹೆಸರು ಬರೆದುಕೊಳ್ಳುವ ಮೊದಲು ಅವಳೇ ನನ್ನನ್ನು ಕೇಳಿದಳು: "ನೀ ಯಾರ ಮಗಳವ್ವಾ?"

"ಸರ್ಕಾರದ ಕೆಲಸಕ್ಕ ಬಂದೇನಿ ಅಜ್ಜಿ," ಎಂದೆ.

"ಸರ್ಕಾರ ಹಡಿತೈತೇನು?" ಎಂದಳು. ಅಲ್ಲಿದ್ದ ಹೆಂಗಸರೆಲ್ಲ ನಕ್ಕರು. ನಾನು ಮುಂದಿನ ಮನೆಗೆ ಹೋದೆ.

೧೦ ಮಾರ್ಚ್, ಮಂಗಳವಾರ

ಸಿಕ್ಕಿತು. ನಾನೇ ಇರುವ ಮನೆಯಲ್ಲಿ! ಮನೆಯೊಡತಿ ನೀಲಮ್ಮ ನಿನ್ನೆ ತಾನಾಗಿಯೇ ಕೇಳಿದಳು: "ಅಕ್ಕೋರ, ಮನಿ ಹುಡುಕಾಕ ಹತ್ತೀರಂತಲ್ಲರಿ, ನಮ್ಮ ಪಡಸಾಲಿ ಖಾಲಿ ಬಿದ್ದೈತಿ. ಓದೋ ಹೆಣ್ಮಕ್ಕಳಿಗೆ ಕೊಟ್ರ ನನಗೂ ಪುಣ್ಯ." ಕಾಳಿನ ಚೀಲಗಳನ್ನು ತೆಗೆಸಿ, ಸಾರಿಸಿಯೂ ಕೊಟ್ಟಳು. ಗೋಡೆಯ ಮೇಲೆ ಬಸವಣ್ಣನವರ ದೊಡ್ಡ ಪಟ ಇದೆ. ಅದಕ್ಕೆ ದಿನಾ ಹೂವು ಹಾಕುತ್ತಾಳೆ.

ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ನನ್ನ ಹೆಸರು ಶಿವಬಸವ್ವ, ಹಣೆಯಲ್ಲಿ ವಿಭೂತಿ. ಅವಳು ಅವಳಿಗೆ ಬೇಕಾದ್ದನ್ನು ತಿಳಿದುಕೊಂಡಿದ್ದಾಳೆ. ವಿಭೂತಿ ನನ್ನ ಅಪ್ಪನೂ ಹಚ್ಚುತ್ತಿದ್ದ, ಅವನಪ್ಪನೂ ಹಚ್ಚುತ್ತಿದ್ದ. ಅದನ್ನು ಯಾರೂ ಗುತ್ತಿಗೆ ಹಿಡಿದಿಲ್ಲ. ಸುಳ್ಳು ಹೇಳಿಲ್ಲ ನಾನು. ಹೇಳುವುದೂ ಇಲ್ಲ.

ಹುಡುಗಿಯರಿಗೆ ಹೇಳಬೇಕಾದ್ದನ್ನೆಲ್ಲ ತಲೆಯಲ್ಲಿ ಜೋಡಿಸಿಕೊಂಡಿದ್ದೇನೆ. ತಲೆಗೆ ಎಣ್ಣೆ ಹಚ್ಚಿ ಜಡೆ ಬಿಗಿಯಾಗಿ ಹೆಣೆದುಕೊಳ್ಳಬೇಕು. ಮನಸ್ಸಿನಲ್ಲಿ ಓದಬೇಕು, ದನಿ ಗೋಡೆ ದಾಟಬಾರದು. ಊರಿನ ಹೆಸರು ಹೇಳಲಿ, ಕೇರಿಯ ಸುದ್ದಿ ಬೇಡ. ದಾರಿಯ ಬದಿ ಹಿಡಿದು ಸಾಲಾಗಿ ನಡೆಯಬೇಕು, ನಗಬಾರದು. ಇದರಲ್ಲಿ ಅಂಜಿಕೆ ಏನಿಲ್ಲ. ಎದುರಿನವರಿಗೆ ಒಂದು ನೆಪವನ್ನೂ ಕೊಡದೆ ಗೆಲ್ಲುವುದು ನನ್ನ ಹಟ.

೧೫ ಮಾರ್ಚ್, ರವಿವಾರ

ರಾಮಥಾಳಕ್ಕೆ ಹೋಗಿ ಬಂದೆ. ಏಳು ಹುಡುಗಿಯರಲ್ಲಿ ನನಗೆ ಹೆಚ್ಚು ಚಿಂತೆ ಇರುವುದು ಅಲ್ಲಿಯ ಸಕ್ರವ್ವನದು. ಹೋದ ವರ್ಷ ಅವಳಪ್ಪ ಅಮಾತೆಪ್ಪ ಅವಳನ್ನು ನನ್ನ ಹತ್ತಿರ ಬಿಡಲಿಲ್ಲ, ದಿನಾ ಬಸ್ಸಿನಲ್ಲೇ ಕರೆದುಕೊಂಡು ಬರುತ್ತೇನೆ ಎಂದ. ಎರಡು ದಿನ ಬಸ್ಸು ಕೆಟ್ಟಿತು. ಎರಡು ಪೇಪರು ಹೋದವು.

ಅಮಾತೆಪ್ಪ ಕಲ್ಲಿನ ಖಣಿಯಲ್ಲಿ ದುಡಿಯುವವನು. ಮಾತು ಕಡಿಮೆ, ಆಡಿದ ಮಾತು ಖಡಾಖಂಡಿ. "ಇದೊಂದ ಸಲ ನೋಡ್ರಿ ಅಕ್ಕೋರ. ಪಾಸ್ ಆದ್ರ ನೀವು ಹೇಳಿದಂಗ ಮುಂದ ಓದಲಿ. ಆಗಲಿಲ್ಲಂದ್ರ ನನ್ನ ಹೆಂಡ್ತಿ ತಮ್ಮ ಕಾಯಾಕ ಹತ್ಯಾನ, ಕೊಟ್ಟ ಬಿಡ್ತೇನಿ. ನಾ ಎಷ್ಟ ವರ್ಷ ಅಂತ ಮಂದಿ ಬಾಯಿಗೆ ಬೀಳ್ಲಿ?"

ಸಕ್ರವ್ವ ಒಲೆಯ ಮುಂದೆ ಕೂತು ಕೇಳುತ್ತಿದ್ದಳು. ಆ ಮಾವನಿಗೆ ಮೊದಲ ಹೆಂಡತಿಯ ಎರಡು ಮಕ್ಕಳಿವೆ. ಅವಳು ಒಲೆಗೆ ಕಟ್ಟಿಗೆಯನ್ನು ಜೋರಾಗಿ ತುರುಕಿದಳು.

"ಪ್ಯಾಟ್ಯಾಗ ಮರ್ಯಾದಸ್ತರ ಮನ್ಯಾಗ ಇಳಿಸ್ತೇನಂತ ಮಾತ ಕೊಡ್ರಿ, ಕಳಸ್ತೇನಿ," ಎಂದ. ಮಾತು ಕೊಟ್ಟೆ.

೨೬ ಮಾರ್ಚ್, ಗುರುವಾರ

ಇವತ್ತಿನದನ್ನೂ ಬರೆಯುತ್ತೇನೆ.

ಏಳೂ ಹುಡುಗಿಯರು ಮಧ್ಯಾಹ್ನದ ಬಸ್ಸಿಗೆ ಬಂದರು. ತಲೆ, ಉಡುಪು, ಮಾತು, ಎಲ್ಲ ನಾನು ಊರೂರಿಗೆ ಹೋಗಿ ಹೇಳಿದಂತೆಯೇ ಇತ್ತು. ನೋಡಿ ನನಗೆ ಹೆಮ್ಮೆಯಾಯಿತು. ನೀಲಮ್ಮ ಬಾಗಿಲಲ್ಲಿ ನಿಂತು, "ಬಿಸಿಲಾಗ ಬಂದೀರಿ, ಮೊದಲ ನೀರು ಕುಡೀರಿ," ಎಂದು ಅಂಗಳದ ಕಟ್ಟೆಯ ಮೇಲೆ ಇಟ್ಟ ಕೊಡವನ್ನು ತೋರಿಸಿದಳು. ಕೊಡದ ಮೇಲೆ ತಂಬಿಗೆ ಇತ್ತು.

ಹುಡುಗಿಯರು ಕೊಡದ ಹತ್ತಿರ ಹೋಗಲಿಲ್ಲ. ಕಟ್ಟೆಯಿಂದ ಆಚೆ ಸಾಲಾಗಿ ಕುಕ್ಕರಗಾಲಲ್ಲಿ ಕೂತು, ಎರಡೂ ಕೈ ಬೊಗಸೆ ಮಾಡಿ ಬಾಯಿಗೆ ಹಚ್ಚಿ, ಕತ್ತು ಬಗ್ಗಿಸಿ, ಯಾರಾದರೂ ಮೇಲಿಂದ ಸುರಿಯಲಿ ಎಂದು ಕಾದರು. ಏಳೂ ಜನ. ಯಾರೂ ಯಾರಿಗೂ ಹೇಳಿರಲಿಲ್ಲ. ಬೇರೆಯವರ ಅಂಗಳದಲ್ಲಿ ನೀರು ಎಂದರೆ ಅವರಿಗೆ ಗೊತ್ತಿದ್ದದ್ದು ಅದೊಂದೇ ರೀತಿ.

ಹೆಣೆಯುವುದು, ನಡೆಯುವುದು, ನಗದೆ ಇರುವುದು, ಎಲ್ಲ ಕಲಿಸಿದ್ದೆ. ಕೊಡಕ್ಕೆ ಕೈ ಹಾಕಿ ನೀರು ಕುಡಿಯುವುದನ್ನು ಕಲಿಸಬೇಕೆಂದು ನನಗೆ ಹೊಳೆದಿರಲಿಲ್ಲ.

ನೀಲಮ್ಮ ಹುಡುಗಿಯರನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನನಗೆ ಮೊದಲು ಸಿಟ್ಟು ಬಂದದ್ದು ಹುಡುಗಿಯರ ಮೇಲೆ. ಅವರು ಇನ್ನೂ ಹಾಗೇ ಕೂತಿದ್ದರು, ಬಾಯಾರಿಕೆಯಲ್ಲಿ. ತಂಬಿಗೆ ತುಂಬಿ ಒಬ್ಬೊಬ್ಬರ ಕೈಗೇ ಕೊಟ್ಟೆ. "ಹಿಡಕೊಂಡ ಕುಡೀರಿ," ಎಂದು ಬೈದೆ.

೨೭ ಮಾರ್ಚ್, ಶುಕ್ರವಾರ

ನಾಳೆ ಸಂಜೆಯೊಳಗೆ ಮನೆ ಬಿಡಬೇಕು. ಹುಡುಗಿಯರೂ, ನಾನೂ.

ನಿನ್ನೆಯವರೆಗೆ "ಅಕ್ಕೋರ, ಏನ್ರಿ" ಎನ್ನುತ್ತಿದ್ದ ನೀಲಮ್ಮ ಇವತ್ತು, "ನೀ ಮೊದಲ ಹೇಳಬೇಕಿತ್ತು. ನನ್ನ ಮನಸಿನಾಗ ಏನಿಲ್ಲ, ಮಂದಿ ಬಿಡಂಗಿಲ್ಲ," ಎಂದಳು. ಮಂದಿ ಎಲ್ಲಿದ್ದಾರೆ ಎಂದು ಸುತ್ತ ನೋಡಿದೆ. ಅಂಗಳದಲ್ಲಿ ನಾವಿಬ್ಬರೇ ಇದ್ದೆವು. ಹಾಗೆಂದೆ. ಅವಳು ಕೊಡದ ನೀರನ್ನು ಚೆಲ್ಲಿ, ಕೊಡವನ್ನು ಹುಣಸೆಹಣ್ಣು ಹಚ್ಚಿ ತಿಕ್ಕತೊಡಗಿದಳು.

ಕಾನೂನು ಇದೆ. ಪೊಲೀಸ್ ಫೌಜದಾರರ ಹತ್ತಿರ ಹೋದರೆ ಕೇಸಾಗುತ್ತದೆ, ತಾರೀಖು ಬೀಳುತ್ತದೆ, ಹುಡುಗಿಯರು ಸಾಕ್ಷಿ ಹೇಳುತ್ತಾರೆ, ಪರೀಕ್ಷೆ ಹೋಗುತ್ತದೆ. ಸೋಮವಾರ ಮೊದಲ ಪೇಪರು.

ನಾನು ಅಳುವುದಿಲ್ಲ.

೨೮ ಮಾರ್ಚ್, ಶನಿವಾರ

ಮುಂಜಾನೆ ರತ್ನಾ ರಜೆ ಹಾಕಿ ಬಂದಳು. ಅವಳ ಹಿಂದೆಯೇ ಅಮಾತೆಪ್ಪ. ಮಗಳಿಗೆ ಬುತ್ತಿ ತಂದಿದ್ದ. ಅಂಗಳದಲ್ಲಿ ಹೊರಗೆ ಹಾಕಿದ ಟ್ರಂಕುಗಳನ್ನು ನೋಡಿ ಅವನಿಗೆ ತಿಳಿಯಿತು.

"ಮಾತ ಕೊಟ್ಟಿದ್ರಿ ಅಕ್ಕೋರ," ಎಂದ. ಕೂಗಲಿಲ್ಲ. ಕೂಗಿದ್ದರೆ ನಾನೂ ಕೂಗುತ್ತಿದ್ದೆ. "ಸಕ್ರಿ, ನಡಿ ಊರಿಗೆ."

"ನಾ ಬರಂಗಿಲ್ಲ," ಎಂದಳು ಸಕ್ರವ್ವ.

"ಎಲ್ಲಿ ಇರ್ತಿ? ರಸ್ತೇದಾಗ?"

"ರಸ್ತೇದಾಗ ಇರ್ತೇನಿ. ಸಾಲಿ ಮುಂದಿನ ಗಿಡದ ಬುಡಕ ಇರ್ತೇನಿ. ಪರೀಕ್ಷೆ ಬರದ ಬರ್ತೇನಿ."

ನನ್ನ ಎದುರಿಗೆ ಆ ಹುಡುಗಿ ಇಷ್ಟು ಮಾತಾಡಿದ್ದು ಅದೇ ಮೊದಲು. ದನಿ ಗೋಡೆ ದಾಟಿ ಹೋಯಿತು, ಎದುರು ಮನೆಯ ಕಿಟಕಿ ತೆರೆಯಿತು. ಅಪ್ಪ ಮಗಳು ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ರತ್ನಾ ಆಗಲೇ ಹಾಸಿಗೆಗಳನ್ನು ಸುತ್ತಿ ಕಟ್ಟತೊಡಗಿದ್ದಳು.

ಚಕ್ಕಡಿ ಕರೆಸಿದೆ. ಟ್ರಂಕು, ಹಾಸಿಗೆ, ನನ್ನ ಸಾಮಾನು ಎಲ್ಲ ಹೇರಿದ ಮೇಲೆ ಚಕ್ಕಡಿಯ ಫಕ್ರುಸಾಬ ಕೇಳಿದ: "ಎಲ್ಲಿಗೆ ಹೊಡೀಲ್ರಿ?"

"ಕೇರಿಗೆ," ಎಂದೆ.

ಅವನಿಗೆ ಕೇಳಿಸಲಿಲ್ಲವೇನೋ, ಎತ್ತಿನ ಕೊರಳ ಗಂಟೆಯ ಸದ್ದು. ಮತ್ತೊಮ್ಮೆ ಗಟ್ಟಿಯಾಗಿ ಹೇಳಬೇಕಾಯಿತು. ಕಿಟಕಿಯವರಿಗೂ ಕೇಳಿಸಿರಬೇಕು. ಕೇಳಿಸಲಿ.

ಸಂಗವ್ವ ತನ್ನ ಕಟ್ಟೆಯ ಮೇಲೆ ಎಲೆ ಅಡಿಕೆ ಜಗಿಯುತ್ತ ಕೂತಿದ್ದಳು. ಅವಳ ಮುಂದೆ ಹೋಗಿ ನಿಂತೆ. "ಅಜ್ಜಿ, ನಾ ಕರಡಿ ಊರಿನ ಕೇರಿಯ ಹುಲಗಪ್ಪನ ಮಗಳು," ಎಂದೆ.

"ಗೊತ್ತೈತಿ," ಎಂದಳು. "ನಿಮ್ಮಪ್ಪಂದ ಮೂಗು ಐತಿ ನಿನಗ. ಅವತ್ತು ನೀ ಹೇಳ್ತೀ ಏನ ಅಂತ ನೋಡಿದೆ." ಆಮೇಲೆ ಒಳಗಿದ್ದ ಸೊಸೆಯರನ್ನು ಕೂಗಿದಳು.

ಮೂರು ಮನೆಗಳನ್ನು ಬಿಡಿಸಿ ಕೊಟ್ಟರು. ಆ ಮನೆಗಳವರು ಹಾಸಿಗೆ ಸುತ್ತಿಕೊಂಡು ಬೇವಿನ ಗಿಡದ ಕೆಳಗೆ ಹೋದರು. ಬೇಡವೆಂದೆ. "ಬ್ಯಾಸಗ್ಯಾಗ ಹೊರಗ ಮಲಗಾಕ ನಿನ್ನ ಅಪ್ಪಣೆ ಬೇಕೇನು?" ಎಂದು ಸಂಗವ್ವ ಬೈದಳು. ಅಮಾತೆಪ್ಪ ಇದನ್ನೆಲ್ಲ ನೋಡುತ್ತ ನಿಂತಿದ್ದ. ಆಮೇಲೆ ಮಗಳ ಟ್ರಂಕನ್ನು ತಾನೇ ಹೊತ್ತು ಒಳಗಿಟ್ಟ. ಖಣಿಗೆ ಹೋಗುವುದನ್ನು ಬಿಟ್ಟು ಅವನೂ ಬೇವಿನ ಗಿಡದ ಕೆಳಗೇ ಉಳಿದಿದ್ದಾನೆ. ನನ್ನ ಮೇಲೆ ವಿಶ್ವಾಸ ಹೋಗಿದೆ, ಕಾವಲು ಕಾಯುತ್ತಾನೆ.

ಎಲ್ಲ ಎರಡು ವಾರದ ಮಾತು. ಪರೀಕ್ಷೆ ಮುಗಿದ ಕೂಡಲೇ ಪೇಟೆಯಲ್ಲಿ ಬೇರೆ ಖೋಲಿ ನೋಡಿಕೊಳ್ಳುತ್ತೇನೆ.

೨೯ ಮಾರ್ಚ್, ರವಿವಾರ

ಪರೀಕ್ಷೆಯ ಹಿಂದಿನ ದಿನ ಹುಡುಗಿಯರ ಉಡಿ ತುಂಬುವುದು ಆರನೇ ಖೋಲಿಯ ಪದ್ಧತಿ. ಮದುವೆಗೆ ತುಂಬುವಂತೆಯೇ ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು, ಹಸಿರು ಖಣ, ಅದರ ಮೇಲೆ ಒಂದು ಪೆನ್ನು. ಗಂಡನ ಮನೆಗೆ ಕಳಿಸುವಾಗ ಇಷ್ಟು ಮಾಡುತ್ತೀರಿ, ಓದಲು ಕಳಿಸುವಾಗ ಯಾಕಿಲ್ಲ ಎಂದು ಶುರು ಮಾಡಿದ್ದು ರತ್ನಾ.

ಈ ಸಲ ಕೇರಿಯ ಹೆಂಗಸರೆಲ್ಲ ಸೇರಿಬಿಟ್ಟರು. ಬಳಗದವರು ಮಾತ್ರ ತುಂಬಬೇಕು, ಮ್ಯಾಟ್ರಿಕ್ ಪಾಸಾದವರು ಮಾತ್ರ ಬಳಗದವರು, ಇದು ನಾನೇ ಹಾಕಿದ ನಿಯಮ. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಸಕ್ರವ್ವ ಸೀದಾ ಹೋಗಿ ಸಂಗವ್ವನ ಮುಂದೆ ಸೆರಗು ಒಡ್ಡಿ ನಿಂತಳು.

ಸಂಗವ್ವ ಕೈ ಹಿಂದೆ ತೆಗೆದುಕೊಂಡಳು. "ನಾ ರಂಡಿಮುಂಡಿ, ನಾ ತುಂಬಬಾರದು."

"ನಿಮ್ಮ ಮನಿ ಬಿಟ್ಟ ಕೊಡಬಹುದು, ಉಡಿ ತುಂಬಬಾರದೇನು?" ಎಂದಳು ಸಕ್ರವ್ವ.

ಎಲ್ಲರೂ ನನ್ನ ಕಡೆ ನೋಡಿದರು. "ತುಂಬ್ರಿ ಅಜ್ಜಿ, ಅಕ್ಕಿ ಚೆಲ್ತೈತಿ," ಎಂದೆ. ತುಂಬಿದಳು. ಏಳೂ ಜನರಿಗೂ ಅವಳೇ ತುಂಬಿದಳು. ಆಮೇಲೆ ಎಲೆ ಅಡಿಕೆ ಉಗುಳುವ ನೆಪದಲ್ಲಿ ಎದ್ದು ಮನೆಯ ಹಿಂದೆ ಹೋದವಳು ಬಹಳ ಹೊತ್ತು ಬರಲಿಲ್ಲ.

೩೦ ಮಾರ್ಚ್, ಸೋಮವಾರ

ಕನ್ನಡ ಪೇಪರು ಆಯಿತು. ಏಳೂ ಜನ ಬರೆದರು.

ಕೇರಿಯಿಂದ ಹೈಸ್ಕೂಲಿಗೆ ಹಳ್ಳದ ಪಕ್ಕ ಹಿಂದಿನ ದಾರಿ ಇದೆ. ಯಾರ ಕಣ್ಣಿಗೂ ಬೀಳದೆ ಹೋಗಬಹುದು. ನಾನು ಆ ಕಡೆ ತಿರುಗಿದೆ. ಸಂಗವ್ವ, "ಅದು ಬಯಲಕಡಿಗೆ ಚರಗಿ ತಗೊಂಡು ಹೋಗೋ ದಾರಿ, ಪರೀಕ್ಷೆಗೆ ಹೋಗೋದಲ್ಲ," ಎಂದು ಪೇಟೆಯ ಕಡೆ ನಡೆದಳು. ಹುಡುಗಿಯರು ಅವಳ ಹಿಂದೆ ಹೋದರು. ಅವರ ಹಿಂದೆ ಕೇರಿಯ ಹೆಂಗಸರು, ಕೂಲಿಗೆ ಹೋಗುವ ಹೊತ್ತಾಗಿದ್ದರೂ. ನಾನು ಓಡಿ ಕೂಡಿಕೊಳ್ಳಬೇಕಾಯಿತು. ಸಾಲು ಇಲ್ಲ, ಶಿಸ್ತು ಇಲ್ಲ, ದಾರಿಯ ತುಂಬ ನಡೆದರು. ನನಗೆ ಬಹಳ ಸಿಟ್ಟು ಬಂತು.

ಬಟ್ಟೆ ಅಂಗಡಿಯ ಮುಂದೆ ಒಬ್ಬ, "ಯಾರ ಮದಿವಿ ದಿಬ್ಬಣಲೇ ಇದು?" ಎಂದು ಪಕ್ಕದವನನ್ನು ಕೇಳಿದ. ರತ್ನಾ ನಿಂತು, "ಮ್ಯಾಟ್ರಿಕ್ ಪರೀಕ್ಷೆದ್ದು. ನೀವು ಎಷ್ಟನೇ ಸಲಕ್ಕ ಪಾಸಾದ್ರಿ?" ಎಂದಳು. ಅವನು ಬಟ್ಟೆಯ ಥಾನು ಸುತ್ತತೊಡಗಿದ. ನನಗೆ ನಗು ಬಂತು. ಬೀದಿಯಲ್ಲಿ ನಿಂತು ನಕ್ಕೆ.

ನೀಲಮ್ಮ ಅವಳ ಬಾಗಿಲಲ್ಲಿದ್ದಳು. ನಾನು ಅವಳನ್ನು ನೋಡಿದೆ. ಅವಳೇ ಮೊದಲು ಕಣ್ಣು ತಿರುಗಿಸಿದಳು.

೫ ಏಪ್ರಿಲ್, ರವಿವಾರ. ಯುಗಾದಿ

ಅರ್ಧ ಪರೀಕ್ಷೆ ಮುಗಿಯಿತು. ಬೇವು ಬೆಲ್ಲ ಆಯಿತು, ಹೋಳಿಗೆ ಆಯಿತು. ನಾಳೆ ಗಣಿತ.

ಇಲ್ಲಿ ಗದ್ದಲವಿದೆ ಎಂದು ಅಂದುಕೊಂಡಿದ್ದೆ. ಗದ್ದಲ ಮಾಡುವವರು ಹುಡುಗಿಯರೇ. ಭೂಗೋಳವನ್ನು ಗಂಟಲು ಹರಿಯುವಂತೆ ಒದರುತ್ತಾರೆ. ಕೇಳಿ ಕೇಳಿ ಸಂಗವ್ವನ ಸೊಸೆಗೆ ನದಿಗಳ ಹೆಸರೆಲ್ಲ ಬಾಯಿಗೆ ಬಂದಿವೆ. ಒಬ್ಬ ಹುಡುಗಿ ಪಿಸುಪಿಸು ಓದುತ್ತಿದ್ದಳು. ನಿನ್ನ ದನಿ ನಿನಗೇ ಕೇಳಿಸದಿದ್ದರೆ ತಲೆಗೆ ಹೇಗೆ ಹೋಗುತ್ತದೆ ಎಂದು ಬೈದೆ.

ಖೋಲಿ ನೋಡಲು ಪೇಟೆಗೆ ಹೋಗಬೇಕೆಂದಿದ್ದೆ. ಹಬ್ಬದ ದಿನ ಯಾರು ತೋರಿಸುತ್ತಾರೆ? ಮುಂದಿನ ವಾರ ನೋಡೋಣ.

೬ ಏಪ್ರಿಲ್, ಸೋಮವಾರ

ಗಣಿತ ಕಷ್ಟವಿತ್ತಂತೆ. ಸಕ್ರವ್ವ ಹೊರಗೆ ಬಂದವಳು ಅಪ್ಪನ ಮುಖ ನೋಡಲಿಲ್ಲ. ಅಮಾತೆಪ್ಪ ಅವಳ ಕೈಗೆ ಪುಠಾಣಿ ಕಡಲೆಯ ಪೊಟ್ಟಣ ಕೊಟ್ಟ. ಇಬ್ಬರೂ ಕೇರಿಯ ಕಡೆ ನಡೆದರು.

ಅವಳಿಗೆ ಬೀಜಗಣಿತ ಇನ್ನೂ ಒಂದು ತಿಂಗಳು ಹೇಳಬೇಕಿತ್ತು. ನಾನು ಆ ಒಂದು ತಿಂಗಳನ್ನು ಮರ್ಯಾದಸ್ತರ ಮನೆ ಹುಡುಕುತ್ತ ಕಳೆದೆ.

೧೧ ಏಪ್ರಿಲ್, ಶನಿವಾರ

ಮುಗಿಯಿತು. ಏಳು ಜನ ಕೂತರು, ಏಳು ಜನ ಎಲ್ಲ ಪೇಪರು ಬರೆದರು. ಹುಡುಗಿಯರು ಹೋದ ಮೇಲೆ ಮನೆಗಳವರು ಹಾಸಿಗೆ ಹೊತ್ತು ವಾಪಸು ಬಂದರು. ನಾನೂ ಟ್ರಂಕು ಕಟ್ಟಿದೆ. "ಎಲ್ಲಿಗೆ?" ಎಂದಳು ಸಂಗವ್ವ. ಗೊತ್ತಿಲ್ಲ ಎಂದೆ. "ಗೊತ್ತಾಗೋತನ ಬಿಚ್ಚಿ ಇಡು," ಎಂದಳು.

೧೩ ಜೂನ್, ಶನಿವಾರ

ರಿಸಲ್ಟ್ ಬಂತು. ಹುಬ್ಬಳ್ಳಿ ಬಸ್ಸಿನಿಂದ ಪೇಪರಿನ ಕಟ್ಟು ಇಳಿಸುವ ಮೊದಲೇ ನಾನು, ಸಂಗವ್ವ, ಅಮಾತೆಪ್ಪ, ಸಕ್ರವ್ವ, ಇನ್ನಿಬ್ಬರು ಹುಡುಗಿಯರು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆವು. ಅಮಾತೆಪ್ಪನಿಗೆ ಓದಲು ಬರುವುದಿಲ್ಲ, ಅವನು ನನ್ನ ಬೆರಳನ್ನೇ ನೋಡುತ್ತಿದ್ದ.

ಏಳರಲ್ಲಿ ಆರು ನಂಬರು ಸಿಕ್ಕವು. ಸಕ್ರವ್ವನದು ಸಿಗಲಿಲ್ಲ. ಮತ್ತೆ ಮೇಲಿಂದ ನೋಡಿದೆ. ಪಕ್ಕದಲ್ಲಿದ್ದ ಹುಡುಗಿಯರು ತಮ್ಮ ಖುಷಿಯನ್ನು ಏನು ಮಾಡಬೇಕೆಂದು ತಿಳಿಯದೆ ನಿಂತರು.

ಸಕ್ರವ್ವ ಪೇಪರನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ನೋಡಿದಳು. ಮಡಚಿ ಕೊಟ್ಟಳು. "ಗಣಿತದಾಗ ಹೋಗಿರ್ತೈತಿ," ಎಂದು ಅಪ್ಪನಿಗೆ ಹೇಳಿದಳು. "ಅಕ್ಟೋಬರದಾಗ ಮತ್ತ ಕೂಡ್ತೇನಿ. ಮಾವಗ ಹೇಳಿ ಕಳಸು, ಕಾಯಬ್ಯಾಡ ಅಂತ."

ಅಮಾತೆಪ್ಪ ಬಸ್ಸಿನ ಗಾಲಿಯನ್ನು ನೋಡುತ್ತ ನಿಂತ.

"ಮೊದಲ ಚಹಾ ಕುಡಿಯೋಣ ಬರ್ರಿ," ಎಂದೆ. ಆರು ಪಾಸಾಗಿದ್ದಕ್ಕೆ ಚಹಾ ಕುಡಿಯಲೇಬೇಕು, ಒಂದು ನಪಾಸಾಗಿದ್ದಕ್ಕೂ ಕುಡಿಯಬೇಕು.

ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ನಮ್ಮವರ ಗ್ಲಾಸುಗಳು ಹೊರಗೋಡೆಯ ಗೂಡಿನಲ್ಲಿರುತ್ತವೆ. ತೆಗೆದುಕೊಂಡು, ತೊಳೆದು, ಹಿಡಿಯಬೇಕು, ಮೇಲಿಂದ ಚಹಾ ಹಾಕುತ್ತಾರೆ. ಅಮಾತೆಪ್ಪ ರೂಢಿಯಂತೆ ಆ ಗೂಡಿನ ಕಡೆ ಹೋದ. ನಾನು ಒಳಗೆ ಹೋಗಿ ಫ್ಯಾನಿನ ಕೆಳಗಿನ ಬೆಂಚು ಹಿಡಿದು, "ಅಮಾತೆಪ್ಪ, ಜಾಗ ಇಲ್ಲೈತಿ ಬರ್ರಿ," ಎಂದು ಕರೆದೆ. ಸಂಗವ್ವ ಅವನ ರಟ್ಟೆ ಹಿಡಿದು ಒಳಗೆ ತಂದಳು.

ಹೋಟೆಲಿನವನು ಬಂದು ನನ್ನ ಕಿವಿಯ ಹತ್ತಿರ ಬಗ್ಗಿದ. "ಅಕ್ಕೋರ, ನೀವು ಕೂಡ್ರಿ, ಬ್ಯಾಡನ್ನಂಗಿಲ್ಲ. ಇವರನ್ನ..."

"ಇವರು ನಮ್ಮ ಮಂದಿ. ನಾನೂ ಕೇರ್ಯಾಗ ಇರಾಕಿ. ಆರ ಚಹಾ ಕೊಡ್ರಿ, ಈ ಟೇಬಲ್ಲಿನ ಗ್ಲಾಸಿನಾಗ."

ಪಕ್ಕದ ಟೇಬಲ್ಲಿನ ಇಬ್ಬರು ತಮ್ಮ ಚಹಾ ಎತ್ತಿಕೊಂಡು ಹೊರಗೆ ಹೋಗಿ ನಿಂತು ಕುಡಿದರು. ಕಾಲು ನೋಯಲಿ. ಹೋಟೆಲಿನವನು ಅವರನ್ನು ನೋಡಿದ, ನಮ್ಮನ್ನು ನೋಡಿದ. ನಾವು ಏಳುವ ಲಕ್ಷಣ ಕಾಣಲಿಲ್ಲ. ಚಹಾ ತಂದಿಟ್ಟ.

ಅಮಾತೆಪ್ಪ ಬೆಂಚಿನ ತುದಿಗೆ ಕೂತು, ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು, ಬಹಳ ಹೊತ್ತು ಕುಡಿಯಲಿಲ್ಲ. ಒಂದು ಗುಟುಕು ಕುಡಿದ. ಆಮೇಲೆ ಯಾರನ್ನೂ ನೋಡದೆ ಕೇಳಿದ: "ಅಕ್ಟೋಬರದ್ದು ಎಷ್ಟ ದಿನ ಇರ್ತೈತ್ರಿ?"

"ಒಂದ ವಿಷಯ, ಒಂದ ದಿನ."

"ಒಂದ ದಿನಕ್ಕ ಕಳಸಿದ್ರ ಮತ್ತ ಹಿಂಗ ಆಕ್ಕೈತಿ. ಒಂದ ತಿಂಗಳ ಮೊದಲ ಬಂದ ಇರ್ತಾಳ. ಕೇರ್ಯಾಗ, ನಿಮ್ಮ ಮನ್ಯಾಗ ಇಟ್ಕೋರಿ. ಲೆಕ್ಕ ಕಲಸ್ರಿ."

ಸಕ್ರವ್ವ ಗ್ಲಾಸಿನ ಒಳಗೆ ಮುಖವಿಟ್ಟುಕೊಂಡಳು. ಅವಳ ಹೆಗಲು ಅಲುಗುತ್ತಿತ್ತು. ಸಂಗವ್ವ ಅವಳ ಬೆನ್ನ ಮೇಲೆ ಒಂದು ಗುದ್ದು ಕೊಟ್ಟಳು.

ಚಹಾ ಬರೀ ನೀರು. ಹೋಟೆಲಿನವನನ್ನು ಕರೆದು ಹಾಗಂತ ಹೇಳಿದೆ. ಹಾಲು ಹಾಕಿ ಬೇರೆ ಮಾಡಿಕೊಂಡು ಬಾ ಎಂದೆ. ಅವನು ಗೊಣಗುತ್ತ ಒಲೆಯ ಕಡೆ ಹೋದ. ರಾಮಥಾಳದ ಬಸ್ಸು ಹೊರಡುವ ಹೊತ್ತಾಗಿತ್ತು, ಕಂಡಕ್ಟರ್ ಸೀಟಿ ಊದುತ್ತಿದ್ದ. ಹೋದರೆ ಹೋಗಲಿ, ಮುಂದಿನದು ಇದೆ ಎಂದು ನಾವು ಕೂತೇ ಇದ್ದೆವು.